ಸಾಕಲು ಬಂದ ಮಗುವಿಗೆ ‘ವಾಪಸ್ ಬಿಟ್ಟು ಬರ್ತೀನಿ’ ಅನ್ನಬೇಡಿ

ಮೈಸೂರಿನ ಲಕ್ಷ್ಮೀಪುರಂನ ಹಳೇ ಮನೆಗಳಲ್ಲಿ ಈಗ ಖಾಲಿ ಕೋಣೆಗಳೇ ಜಾಸ್ತಿ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ. ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೇ. ‘ಯಾವುದಾದರೂ ಅನಾಥ ಮಗು ತಂದು ಸಾಕೋಣ ಅಂತಿದ್ದೀವಿ, ಎಲ್ಲಿ ವಿಚಾರಿಸಬೇಕು?’ ಎಂದು ಕೇಳುವವರು ಆಗಾಗ ಸಿಗುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಪ್ರಶ್ನೆಯಲ್ಲೇ ಎರಡು ತಪ್ಪಿದೆ. ಬಾಲಮಂದಿರಗಳಲ್ಲಿರುವ ಎಷ್ಟೋ ಮಕ್ಕಳು ಅನಾಥರಲ್ಲ, ಅಪ್ಪನೋ ಅಮ್ಮನೋ ಇದ್ದಾರೆ. ಎರಡನೆಯದು, ಸಾಕುವುದೆಂದರೆ ಊಟ, ಬಟ್ಟೆ, ಶಾಲೆ ಫೀಸು ಎಂಬ ಲೆಕ್ಕ. ಹೊಡೆತ, ಹಸಿವು, ಸಾವು, ದೌರ್ಜನ್ಯ ಕಂಡು ಬಂದ ಮಗುವಿಗೆ ಅಷ್ಟು ಸಾಲದು. ಸಾಕುವವರೂ ಕಲಿತಿರಬೇಕು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ದತ್ತು ತೆಗೆದುಕೊಂಡ ಮಗು ಕಾನೂನಿನ ಪ್ರಕಾರ ನಿಮ್ಮದೇ. ಪೋಷಕತ್ವದಲ್ಲಿ ಹಾಗಲ್ಲ. ಕಚೇರಿಗಳಲ್ಲಿ ‘ಫಾಸ್ಟರ್ ಕೇರ್’ ಅಂತಲೇ ಕರೆಯುವ ಈ ವ್ಯವಸ್ಥೆಗೆ 2015ರ ಬಾಲನ್ಯಾಯ ಕಾಯ್ದೆಯ 44ನೇ ಸೆಕ್ಷನ್ ಆಧಾರ. ಮಕ್ಕಳ ಕಲ್ಯಾಣ ಸಮಿತಿ ಆದೇಶ ಹೊರಡಿಸಿ ಮಗುವನ್ನು ನಿಮ್ಮ ಮನೆಯಲ್ಲಿ ಇರಿಸುತ್ತದೆ. ಹೆತ್ತವರು ಮತ್ತೆ ಸಾಕುವ ಸ್ಥಿತಿಗೆ ಬಂದಿದ್ದಾರೆ ಎಂದು ಸಮಿತಿಗೆ ಮನದಟ್ಟಾದರೆ ಮಗು ಅವರ ಬಳಿಗೆ ಹೋಗುತ್ತದೆ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ 6 ವರ್ಷ ದಾಟಿದ ಮಕ್ಕಳನ್ನು ಹೀಗೆ ಕೊಡುತ್ತಾರೆ. ದಂಪತಿಯಾದರೆ ಮದುವೆಯಾಗಿ ಎರಡು ವರ್ಷವಾದರೂ ಆಗಿರಬೇಕು, ಇಬ್ಬರ ವಯಸ್ಸು ಕೂಡಿದರೆ 70 ಆಗಬೇಕು. ಒಂಟಿಯಾಗಿರುವವರು, ವಿಧವೆಯರು, ವಿಚ್ಛೇದಿತರು 35 ದಾಟಿದ್ದರೆ ಅರ್ಜಿ ಹಾಕಬಹುದು. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ವಯಸ್ಸಿಗೆ ಮೇಲಿನ ಮಿತಿ ಏನು ಎಂಬುದನ್ನು ನಿವೃತ್ತರು ಮೊದಲೇ ಕೇಳಿಕೊಳ್ಳಿ, ಆಮೇಲೆ ಬೇಸರಪಡಬೇಡಿ. ಎರಡು ವರ್ಷ ಸಾಕಿದ ನಂತರ, ಮಗು ಕಾನೂನಿನ ಪ್ರಕಾರ ದತ್ತಿಗೆ ಅರ್ಹವಾಗಿದ್ದರೆ, ದತ್ತು ಕೇಳಲು ಅವಕಾಶವಿದೆ. ಮೊದಲು ಐದು ವರ್ಷ ಕಾಯಬೇಕಿತ್ತು. ಮಿಷನ್ ವಾತ್ಸಲ್ಯದಡಿ ಮಗುವಿನ ಖರ್ಚಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಅದನ್ನೇ ನೆಚ್ಚಿಕೊಂಡು ಮಾತ್ರ ಹೊರಡಬೇಡಿ.

ಮೊದಲು ಕಚೇರಿ

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಯಾರೋ ಪರಿಚಯದವರ ಆಶ್ರಮ, ಯಾರೋ ಹೇಳಿದ ನರ್ಸಿಂಗ್ ಹೋಂ, ಈ ದಾರಿಗಳೆಲ್ಲ ಬೇಡ. ಆಧಾರ್, ವಿವಾಹ ನೋಂದಣಿ, ಆದಾಯದ ದಾಖಲೆ, ಪೊಲೀಸ್ ಪರಿಶೀಲನೆ, ಮನೆಯವರೆಲ್ಲರ ವೈದ್ಯಕೀಯ ವರದಿ (ಕ್ಷಯ, ಹೆಪಟೈಟಿಸ್ ಬಿ, ಎಚ್ಐವಿ ಪರೀಕ್ಷೆ ಸೇರಿ) ಕೇಳುತ್ತಾರೆ. ಆಮೇಲೆ ಮನೆಗೆ ಬರುತ್ತಾರೆ.

ಮನೆ ನೋಡಲು ಬಂದವರಿಗೆ ಗ್ರಾನೈಟು, ಹೊಸ ಮಂಚ ತೋರಿಸುವ ಹುಮ್ಮಸ್ಸು ನಮ್ಮವರಿಗೆ. ಅವರಿಗೆ ಬೇಕಾದದ್ದು ಬೇರೆ: ಮನೆಯಲ್ಲಿ ಇನ್ನಾರಿದ್ದಾರೆ, ಮಹಡಿ ಮೇಲೆ ಬಾಡಿಗೆಗಿರುವವರು ಯಾರು, ಅತ್ತೆಯವರು ಒಪ್ಪಿದ್ದಾರಾ. ಇದ್ದದ್ದನ್ನು ಇದ್ದಂತೆ ಹೇಳಿ. ಊಟದ ವಿಷಯವನ್ನೂ ಬಾಯಿಬಿಟ್ಟೇ ಹೇಳಿ. ಮೊಟ್ಟೆಯೂ ಒಳಗೆ ಬರದ ಮನೆಗೆ, ಎಚ್.ಡಿ. ಕೋಟೆ ಕಡೆಯಿಂದ ಮೀನು-ಮಾಂಸ ತಿಂದು ಬೆಳೆದ ಹತ್ತು ವರ್ಷದ ಹುಡುಗ ಬಂದರೆ ಯಾರು ಬದಲಾಗಬೇಕು? ‘ಮಗುವೇ ಹೊಂದಿಕೊಳ್ಳುತ್ತೆ ಬಿಡಿ’ ಎನ್ನುವವರಿಗೆ ನನ್ನ ಸಲಹೆ ಒಂದೇ, ಈ ಕೆಲಸಕ್ಕೆ ಕೈಹಾಕಬೇಡಿ. ಊರು, ಅಮ್ಮ, ಶಾಲೆ, ಗೆಳೆಯರು, ಎಲ್ಲ ಬಿಟ್ಟು ಬಂದ ಮಗುವಿನ ಬಾಯಿರುಚಿಯನ್ನೂ ಕಿತ್ತುಕೊಳ್ಳುವುದು ಅನ್ಯಾಯ.

ಮಗುವಿಗೆ ಮುಂಚೆ ತರಬೇತಿ

ತರಬೇತಿ, ಆಪ್ತಸಮಾಲೋಚನೆ ಕೊಡಿಸುವುದು ಜಿಲ್ಲಾ ಘಟಕದ ಹೊಣೆ. ಅವರು ಕರೆಯಲಿ ಎಂದು ಕಾಯಬೇಡಿ, ನೀವೇ ಕೇಳಿ. ಒಂದು ದಿನದ ಮಾಹಿತಿ ಸಭೆಯಲ್ಲಿ ಕಾಯ್ದೆ-ಕಾನೂನು ಹೇಳಿ ಟೀ ಕೊಟ್ಟು ಕಳಿಸಿದರೆ ಅದು ತರಬೇತಿಯಲ್ಲ. ಮಗು ಕೂಗಾಡಿದಾಗ ಏನು ಮಾಡಬೇಕು, ಹಾಸಿಗೆ ಒದ್ದೆ ಮಾಡಿದರೆ, ಸುಳ್ಳು ಹೇಳಿದರೆ, ಮಾತೇ ಆಡದಿದ್ದರೆ ಏನು ಮಾಡಬೇಕು, ಇದನ್ನು ಆಡಿ ತೋರಿಸಿ ಕಲಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗದ ‘ಸಂವಾದ್’ ಎಂಬ ರಾಷ್ಟ್ರೀಯ ಕಾರ್ಯಕ್ರಮ ಇಂಥ ಮಕ್ಕಳೊಂದಿಗೆ ಕೆಲಸ ಮಾಡುವವರಿಗೇ ತರಬೇತಿ ಕೊಡುತ್ತದೆ. ಅಲ್ಲಿ ಕಲಿತು ಬಂದ ಸಿಬ್ಬಂದಿ ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಎಂದು ಘಟಕದಲ್ಲಿ ವಿಚಾರಿಸಿ.

ಮಗುವಿನ ಅಧ್ಯಯನ ವರದಿ ಮತ್ತು ವೈಯಕ್ತಿಕ ಪಾಲನಾ ಯೋಜನೆಯನ್ನು ಕುಳಿತು ಓದಿ. ಅಂಕಪಟ್ಟಿ ಆಮೇಲೆ ನೋಡಿದರಾಯಿತು. ಕೇಳಬೇಕಾದದ್ದು ಇವು: ರಾತ್ರಿ ಹೇಗೆ ಮಲಗುತ್ತದೆ? ದೀಪ ಬೇಕೇ? ಯಾವುದಕ್ಕೆ ಹೆದರುತ್ತದೆ? ಈ ಮೊದಲು ಎಷ್ಟು ಕಡೆ ಇತ್ತು? ಒಡಹುಟ್ಟಿದವರು ಎಲ್ಲಿದ್ದಾರೆ? ಅಣ್ಣ-ತಂಗಿಯರನ್ನು ಆದಷ್ಟೂ ಒಟ್ಟಿಗೇ ಇರಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಬ್ಬರಲ್ಲಿ ಒಬ್ಬರೇ ಸಾಕು ಅನ್ನುವ ಮುನ್ನ ಎರಡು ಸಲ ಯೋಚಿಸಿ.

ಹಟವಲ್ಲ, ಹೆದರಿಕೆ

ದೀರ್ಘಕಾಲ ಭಯದಲ್ಲಿ ಬೆಳೆದ ಮಗುವಿನ ಮಿದುಳು ಅಪಾಯವನ್ನು ಬೇಗ ಗುರುತಿಸುವುದನ್ನು ಕಲಿತಿರುತ್ತದೆ. ಸುರಕ್ಷಿತ ಮನೆಗೆ ಬಂದ ಮಾತ್ರಕ್ಕೆ ಅದು ಮರೆಯುವುದಿಲ್ಲ. ಬಾಗಿಲು ಧಡಾರ್ ಎಂದರೆ, ಗಂಡಸಿನ ದನಿ ಏರಿದರೆ, ಹೆಂಡದ ವಾಸನೆ ಬಂದರೆ ಮೈಯೆಲ್ಲ ಓಡಲು ಇಲ್ಲವೇ ಬಡಿದಾಡಲು ಸಜ್ಜಾಗುತ್ತದೆ. ನಮ್ಮೂರಿಗೆ ಮಾತ್ರ ಅನ್ವಯಿಸುವ ಒಂದು ಎಚ್ಚರಿಕೆ: ದಸರೆಗೆ ಮುಂಚೆ ಫಿರಂಗಿ ಹಾರಿಸುವ ಕುಶಾಲತೋಪಿನ ತಾಲೀಮು ನಡೆಯುತ್ತದಲ್ಲ, ಅರಮನೆ ಸುತ್ತಲ ಬಡಾವಣೆಗಳಿಗೆಲ್ಲ ಅದರ ಸದ್ದು ಕೇಳುತ್ತದೆ. ನಮಗದು ಸಂಭ್ರಮ. ಮೇಜಿನ ಕೆಳಗೆ ನುಗ್ಗಿ ಕಿವಿ ಮುಚ್ಚಿ ಕೂತ ಹುಡುಗನಿಗೆ ಅಲ್ಲ. ತಾಲೀಮಿನ ದಿನ ಪತ್ರಿಕೆಯಲ್ಲಿ ಬರುತ್ತದೆ. ಹಿಂದಿನ ದಿನವೇ ಹೇಳಿ, ಸದ್ದಿನ ಹೊತ್ತಿಗೆ ಪಕ್ಕದಲ್ಲಿರಿ.

ಊಟ ಕದ್ದಿಡುವುದನ್ನೂ ಹೀಗೇ ನೋಡಬೇಕು. ದಿಂಬಿನ ಚೀಲದೊಳಗೆ ಚಪಾತಿ, ಶಾಲೆ ಬ್ಯಾಗಿನ ತಳದಲ್ಲಿ ಬೂಸಲು ಹಿಡಿದ ಬ್ರೆಡ್ಡು, ಅಲಮಾರಿ ಸಂದಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಸಿಕ್ಕಿದರೆ ಅದನ್ನು ಕಳ್ಳತನ ಎಂದು ಕರೆಯಬೇಡಿ. ನಾಳೆ ಊಟ ಸಿಗುತ್ತದೆ ಎಂಬ ನಂಬಿಕೆ ಆ ಮಗುವಿಗೆ ಇನ್ನೂ ಬಂದಿಲ್ಲ, ಅಷ್ಟೇ. ಅಡುಗೆಮನೆಯಲ್ಲಿ ಅದರ ಕೈಗೆಟಕುವ ಕಡೆ ಒಂದು ಡಬ್ಬಿ ಇಡಿ: ಕಡಲೆಕಾಯಿ, ಬಾಳೆಹಣ್ಣು, ಖಾರಾಪುರಿ. ‘ಇದು ನಿನ್ನದು, ಯಾವಾಗ ಬೇಕಾದರೂ ತಿನ್ನು, ಕೇಳಬೇಕಾಗಿಲ್ಲ’ ಎಂದು ಹೇಳಿ. ಡಬ್ಬಿ ಖಾಲಿಯಾಗುವುದಕ್ಕೆ ಬಿಡಬೇಡಿ. ಕದ್ದಿಡುವುದು ತಾನಾಗಿಯೇ ಕಡಿಮೆಯಾಗುತ್ತದೆ.

ಮೊದಲ ವಾರಗಳಲ್ಲಿ ದಿನಚರಿಯೇ ಮದ್ದು. ಎದ್ದೇಳುವ ಹೊತ್ತು, ತಿಂಡಿ, ಆಟ, ಮಲಗುವುದು, ಎಲ್ಲವನ್ನೂ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ನೆಂಟರನ್ನು ಕರೆದು ತೋರಿಸಬೇಡಿ. ‘ಅಮ್ಮ ಅನ್ನು’ ಎಂದು ಒತ್ತಾಯ ಮಾಡಬೇಡಿ. ಆಂಟಿ ಎಂದರೂ ಸರಿ. ಅಪ್ಪಿಕೊಳ್ಳುವ ಮುಂಚೆ ಕೇಳಿ.

ಆ ಒಂದು ಮಾತು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಎಷ್ಟೋ ಒಳ್ಳೆಯ ಮನೆಗಳು ಎಡವಿದ್ದು ಇಲ್ಲೇ.

ಬಂದ ಹೊಸದರಲ್ಲಿ ಮಗು ಬಹಳ ವಿಧೇಯ. ತಟ್ಟೆ ತೊಳೆಯುತ್ತದೆ, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಮನೆಯವರು ‘ಎಷ್ಟು ಒಳ್ಳೇ ಮಗು!’ ಎಂದು ಬೀಗುತ್ತಾರೆ. ಕೆಲವು ವಾರ ಕಳೆದ ಮೇಲೆ ಅದೇ ಮಗು ಲೋಟ ಒಡೆಯುತ್ತದೆ, ಎದುರು ಮಾತಾಡುತ್ತದೆ, ಪರ್ಸಿನಿಂದ ದುಡ್ಡು ತೆಗೆಯುತ್ತದೆ. ‘ಸಲುಗೆ ಜಾಸ್ತಿಯಾಯ್ತು’ ಎಂದು ಅಕ್ಕಪಕ್ಕದವರು ಷರಾ ಬರೆಯುತ್ತಾರೆ. ನಡೆಯುತ್ತಿರುವುದು ಬೇರೆ. ಈ ಮನೆಯಲ್ಲಿ ಉಸಿರಾಡಬಹುದು ಎಂದು ಅನಿಸಿದಾಗಲೇ ಮಗು ಒಳಗಿನದನ್ನು ಹೊರಗೆ ಹಾಕಲು ಶುರುಮಾಡುವುದು. ಜೊತೆಗೆ ಒಂದು ಪರೀಕ್ಷೆಯೂ ಇದೆ: ಇಷ್ಟು ಕೆಟ್ಟದಾಗಿ ನಡೆದುಕೊಂಡರೂ ಇವರು ನನ್ನನ್ನು ಇಟ್ಟುಕೊಳ್ಳುತ್ತಾರಾ?

ಸರಿಯಾಗಿ ಆ ಹೊತ್ತಿಗೆ, ಸಿಟ್ಟಿನಲ್ಲಿ, ದೊಡ್ಡವರ ಬಾಯಿಂದ ಬರುವ ಮಾತು: ‘ಹೀಗೇ ಮಾಡ್ತಾ ಇರು, ವಾಪಸ್ ಬಾಲಮಂದಿರಕ್ಕೆ ಬಿಟ್ಟು ಬರ್ತೀನಿ.’

ಹೆತ್ತ ಮಕ್ಕಳಿಗೆ ನಾವು ‘ಹಾಸ್ಟೆಲ್ಲಿಗೆ ಹಾಕಿಬಿಡ್ತೀನಿ’ ಅನ್ನುತ್ತೇವೆ, ಅವು ನಕ್ಕು ಸುಮ್ಮನಾಗುತ್ತವೆ. ಅದು ಆಗದ ಮಾತು ಎಂದು ಅವಕ್ಕೆ ಗೊತ್ತು. ಈ ಮಗುವಿಗೆ ಅದು ಆಗಿಹೋದ ಮಾತು; ಒಂದೆರಡು ಸಲ ನಿಜಕ್ಕೂ ಬಿಟ್ಟುಹೋದವರನ್ನು ಅದು ಕಂಡಿದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಈ ಮಾತು ಒಂದೇ ಒಂದು ಸಲ ಬಂತು. ಮರುದಿನದಿಂದ ಹುಡುಗಿ ತನ್ನ ಬಟ್ಟೆಗಳನ್ನು ಬೀರುವಿನಲ್ಲಿ ಇಡುವುದನ್ನೇ ನಿಲ್ಲಿಸಿದಳು. ಒಗೆದು ಮಡಚಿದ ಎರಡು ಜೊತೆ, ಬಾಚಣಿಗೆ, ಹೇರ್‌ಬ್ಯಾಂಡು, ಎಲ್ಲ ಮಂಚದ ಕೆಳಗಿನ ಬ್ಯಾಗಿನಲ್ಲಿ. ಬೇಕಾದಾಗ ತೆಗೆದು, ಮತ್ತೆ ಅಲ್ಲೇ ತುಂಬಿ ಜಿಪ್ ಎಳೆಯುವಳು. ಮನೆಯವರು ಕ್ಷಮೆ ಕೇಳಿದರು, ಹೊಸ ಬೀರು ತಂದರು. ಬ್ಯಾಗು ಬಿಚ್ಚಲು ತಿಂಗಳುಗಳೇ ಹಿಡಿದವು.

‘ಹಾಗಾದರೆ ನಾವು ಏನೂ ಅನ್ನಲೇಬಾರದಾ?’ ಎಂದು ಕೇಳುತ್ತೀರಿ. ಅನ್ನಿ. ಒಡೆದ ಲೋಟವನ್ನು ಇಬ್ಬರೂ ಸೇರಿ ಗುಡಿಸಿ. ತೆಗೆದ ದುಡ್ಡನ್ನು ಪಾಕೆಟ್ ಮನಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಲಿ. ಸಂಜೆ ಟಿ.ವಿ. ಇಲ್ಲ ಅನ್ನಿ. ತಪ್ಪಿಗೆ ಫಲ ಇರಲಿ, ಆದರೆ ಮನೆಯಲ್ಲಿ ಇರುವುದೋ ಬಿಡುವುದೋ ಎಂಬುದು ಆ ಫಲವಾಗಬಾರದು. ಹೊಡೆಯುವುದಂತೂ ಬೇಡವೇ ಬೇಡ. ಮಗುವಿನ ಮೇಲಿನ ಕ್ರೌರ್ಯಕ್ಕೆ ಕಾಯ್ದೆಯ 75ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲಿದೆ.

ತೊಡಕು ಇನ್ನೊಂದಿದೆ. ಪೋಷಕತ್ವ ಶಾಶ್ವತವಲ್ಲ, ಮಗು ಒಂದು ದಿನ ನಿಜವಾಗಿಯೂ ಹೋಗಬಹುದು. ಅದಕ್ಕೇ ‘ನೀನು ಯಾವತ್ತೂ ಇಲ್ಲೇ ಇರ್ತೀಯ’ ಎಂಬ ಸುಳ್ಳು ಭರವಸೆಯನ್ನೂ ಕೊಡಬೇಡಿ. ನಾನು ಹೇಳಿಕೊಡುವ ಮಾತು ಇದು: ‘ನೀನು ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ಸಮಿತಿಯವರು. ನಿನ್ನ ಮಾತನ್ನೂ ಅವರು ಕೇಳ್ತಾರೆ. ನೀನು ತಪ್ಪು ಮಾಡಿದೆ ಅಂತ ನಾವು ನಿನ್ನ ಕಳಿಸೋದಿಲ್ಲ.’ ಇದನ್ನು ಸಿಟ್ಟಿಲ್ಲದ ದಿನ ಹೇಳಿ, ಹಲವು ಸಲ ಹೇಳಿ. ಮನೆಯಲ್ಲಿರುವ ಅಜ್ಜಿ-ತಾತಂದಿರಿಗೂ ಕಲಿಸಿ. ನೀವು ಕಚ್ಚಿ ಹಿಡಿದ ನಾಲಿಗೆಯನ್ನು ಅವರು ಸಡಿಲ ಬಿಟ್ಟರೆ ಪ್ರಯೋಜನವಿಲ್ಲ. ಅಗ್ರಹಾರದ ಕಡೆ ಹೂವಿಗೆಂದು ಹೋದಾಗ ‘ಯಾರ ಮಗು? ಯಾವ ಜನ?’ ಎನ್ನುವವರಿಗೆ ‘ನಮ್ಮನೆ ಮಗು’ ಅನ್ನಿ, ಮುಂದೆ ನಡೆಯಿರಿ.

ಮಿಕ್ಕವು

ಹೆತ್ತವರ ಭೇಟಿಗೆ ಸಮಿತಿ ಅವಕಾಶ ಕೊಟ್ಟಿದ್ದರೆ ತಡೆಯಬೇಡಿ, ಅವರನ್ನು ಹಳಿಯಬೇಡಿ. ಭೇಟಿಯಾದ ರಾತ್ರಿ ಅಳು, ಹಾಸಿಗೆ ಒದ್ದೆ ಇದ್ದೇ ಇರುತ್ತದೆ. ಅದನ್ನೇ ನೆಪ ಮಾಡಿಕೊಂಡು ಭೇಟಿ ನಿಲ್ಲಿಸಿ ಎಂದು ಅರ್ಜಿ ಬರೆಯಬೇಡಿ. ಮಗುವಿನ ಫೋಟೊ, ಕಥೆ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೋಗಕೂಡದು. ಗುರುತು ಬಹಿರಂಗಪಡಿಸುವುದು 74ನೇ ಸೆಕ್ಷನ್ ಪ್ರಕಾರ ಅಪರಾಧ. ಶಾಲೆಯಲ್ಲಿ ಕ್ಲಾಸ್ ಟೀಚರಿಗೆ ಅಗತ್ಯವಿದ್ದಷ್ಟೇ ಹೇಳಿ. ‘ನನ್ನ ಕುಟುಂಬ’ ಪ್ರಬಂಧ ಬರೆಸುವ ವಾರ ಮುಂಚಿತವಾಗಿ ತಿಳಿಸಿ ಎಂದು ಕೇಳಿಕೊಳ್ಳಿ.

ಮಗು ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿಬಿಟ್ಟರೆ ಕೇಳಿಸಿಕೊಳ್ಳಿ, ನಂಬಿ, ಕೆದಕಬೇಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ. ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಜಿಲ್ಲಾ ಘಟಕಕ್ಕೂ ಹೇಳಿ, ಜೊತೆಗಿರುತ್ತಾರೆ.

ಕೊನೆಯದಾಗಿ ನಿಮ್ಮ ವಿಷಯ: ನಿಮಗೂ ಬೆಂಬಲ ಬೇಕು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಪ್ರಸಿದ್ಧ ಅಧ್ಯಯನದಲ್ಲಿ, ಅನಾಥಾಲಯದಲ್ಲೇ ಉಳಿದವರಿಗಿಂತ ಪೋಷಕ ಕುಟುಂಬ ಸೇರಿದ ಮಕ್ಕಳು ಎಷ್ಟೋ ಚೇತರಿಸಿಕೊಂಡರು. ಆ ಕುಟುಂಬಗಳಿಗೆ ಸಮಾಜ ಕಾರ್ಯಕರ್ತರ ಬೆಂಬಲ ನಿರಂತರವಾಗಿತ್ತು. ಇಲ್ಲೂ ಸಮಿತಿ ತಿಂಗಳಿಗೊಮ್ಮೆ ಬಂದು ನೋಡಬೇಕೆಂದು ಕಾಯ್ದೆಯಲ್ಲಿದೆ. ಬಂದವರಿಗೆ ‘ಎಲ್ಲ ಚೆನ್ನಾಗಿದೆ’ ಎಂದು ಕಾಫಿ ಕೊಟ್ಟು ಕಳಿಸಬೇಡಿ, ಕಷ್ಟ ಹೇಳಿಕೊಳ್ಳಿ. ಮಗುವಿನ ನಿದ್ದೆ, ಊಟ, ಓದು ವಾರಗಟ್ಟಲೆ ಕೆಟ್ಟಿದ್ದರೆ ಕೆ.ಆರ್. ಆಸ್ಪತ್ರೆ ಅಥವಾ ಜೆಎಸ್ಎಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಮಾತು, ಕಲಿಕೆ ಹಿಂದೆ ಬಿದ್ದಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ. ಮಕ್ಕಳ ಸಹಾಯವಾಣಿ 1098, ನಿಮ್ಮದೇ ತಲೆ ಕೆಟ್ಟ ರಾತ್ರಿಗೆ ಟೆಲಿ-ಮಾನಸ್ 14416. ಎರಡೂ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಮಗು ಬರುವ ಮೊದಲೇ ಎರಡನ್ನೂ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.