ಮೂರನೆಯ ದಿನದ ಊತ

ಹೋದ ತಿಂಗಳು ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳನ್ನು ಮಡಿಸಿಡುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಹತ್ತಿರ ಬಂದು, "ತಮ್ಮಾ, ನಮ್ಮ ಅಣ್ಣಗ ಲಕ್ವಾ ಹೊಡೀತು. ಎರಡು ದಿನ ಮಾತಾಡಿದ, ಮೂರನೇ ದಿನ ಎಚ್ಚರ ತಪ್ಪಿತು. ಮೆದುಳು ಬಾತೈತಿ ಅಂದ್ರು ಡಾಕ್ಟರು. ಅದಕ್ಕ ಔಷಧ ಇಲ್ಲೇನು?" ಎಂದು ಕೇಳಿದರು. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವ ನನಗೆ ವೈದ್ಯಶಾಸ್ತ್ರ ತಿಳಿಯದು. ಆದರೂ ಓದಿ, ಬಲ್ಲವರನ್ನು ಕೇಳಿ ಸಂಗ್ರಹಿಸಿದ್ದನ್ನು ಸದಸ್ಯರ ಮುಂದಿಡುತ್ತೇನೆ.

ಮೆದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡರೆ ಅದರ ಮುಂದಿನ ಭಾಗಕ್ಕೆ ಪ್ರಾಣವಾಯುವೂ ಸಕ್ಕರೆಯೂ ಮುಟ್ಟುವುದಿಲ್ಲ. ಜೀವಕೋಶದೊಳಗೆ ನುಗ್ಗುವ ಉಪ್ಪನ್ನು ಹೊರದೂಡಲು ಸದಾ ಶಕ್ತಿ ಬೇಕು. ಆ ಶಕ್ತಿ ತೀರಿದರೆ ಉಪ್ಪು ಒಳಗೇ ಉಳಿಯುತ್ತದೆ, ಉಪ್ಪಿನ ಹಿಂದೆ ನೀರು ಬರುತ್ತದೆ. ಕಾಲು ಬಾತರೆ ಚರ್ಮ ಹಿಗ್ಗುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಉಬ್ಬಿದ ಭಾಗವು ನೆರೆಯ ಆರೋಗ್ಯವಾದ ಭಾಗವನ್ನೂ, ಕೊನೆಗೆ ಉಸಿರಾಟ ನಡೆಸುವ ಬುಡವನ್ನೂ ಒತ್ತುತ್ತದೆ. ಊತವು ಸಾಮಾನ್ಯವಾಗಿ ಎರಡರಿಂದ ಐದು ದಿನಗಳಲ್ಲಿ ತುದಿ ಮುಟ್ಟುತ್ತದೆ. ಕಾಕಾರ ಅಣ್ಣನವರಿಗೆ ಮೂರನೆಯ ದಿನ ಕೆಟ್ಟದ್ದು ಇದರಿಂದಲೇ ಇರಬೇಕು.

ಮ್ಯಾನಿಟಾಲ್ ದ್ರಾವಣವನ್ನೋ ಗಟ್ಟಿ ಉಪ್ಪುನೀರನ್ನೋ ರಕ್ತಕ್ಕೆ ಏರಿಸಿ ಆ ನೀರನ್ನು ಎಳೆಯುವುದುಂಟು. ಅದರ ಗುಣ ತಾತ್ಕಾಲಿಕ. ಇನ್ನೊಂದು ಉಪಾಯ, ಬುರುಡೆಯ ಒಂದು ತುಂಡನ್ನು ತೆಗೆದು ಮೆದುಳಿಗೆ ಎಡೆ ಮಾಡಿಕೊಡುವ ಶಸ್ತ್ರಕ್ರಿಯೆ. ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳ ಮೂರು ಪ್ರಯೋಗಗಳ ಲೆಕ್ಕವನ್ನು 2007ರಲ್ಲಿ ಕೂಡಿಸಿದರು. 60 ವರ್ಷದೊಳಗಿನವರಿಗೆ 48 ಗಂಟೆಗಳೊಳಗೆ ಇದನ್ನು ಮಾಡಿದಲ್ಲಿ ನೂರಕ್ಕೆ 78 ಮಂದಿ ವರ್ಷದ ಕೊನೆಗೆ ಬದುಕಿದ್ದರು, ಮಾಡದಿದ್ದಲ್ಲಿ 29. ಬದುಕಿದವರಲ್ಲಿ ಅನೇಕರಿಗೆ ಪರರ ಆಸರೆ ಬೇಕಾಯಿತೆಂಬುದನ್ನೂ ಮುಚ್ಚಿಡಬಾರದು.

ಊತವನ್ನು ಹುಟ್ಟುವಲ್ಲಿಯೇ ತಡೆಯುವ ಔಷಧ ಬೇಡವೆ? ಅಮೆರಿಕದ ಬಾಲ್ಟಿಮೋರಿನಲ್ಲಿ ಮಾರ್ಕ್ ಸಿಮಾರ್ಡ್ ಎಂಬ ಮೆದುಳಿನ ಶಸ್ತ್ರವೈದ್ಯರು, ಆರೋಗ್ಯವಂತ ಮೆದುಳಿನಲ್ಲಿ ಕಾಣದ, ರಕ್ತ ನಿಂತ ಮೇಲೆ ಮೂಡುವ ಉಪ್ಪಿನ ಬಾಗಿಲೊಂದನ್ನು ಗುರುತಿಸಿದರು. ಆ ಬಾಗಿಲ ಅಗಳಿಯಂತಿರುವ ಭಾಗ ಮೇದೋಜೀರಕ ಗ್ರಂಥಿಯಲ್ಲೂ ಇದೆ. ಅಲ್ಲಿ ಅದನ್ನು ಹಿಡಿಯುವ ಔಷಧ ಬಹು ಹಿಂದಿನಿಂದಲೂ ಇತ್ತು: ಗ್ಲಿಬೆನ್‌ಕ್ಲಮೈಡ್. ನಮ್ಮಲ್ಲಿ ಡಯಾನಿಲ್ ಎಂಬ ಹೆಸರಿನಿಂದ ಸಕ್ಕರೆ ಕಾಯಿಲೆಯವರಿಗೆ ಪರಿಚಿತವಾದ ಮಾತ್ರೆ! 2006ರಲ್ಲಿ ಅವರ ತಂಡ ಇಲಿಗಳಲ್ಲಿ ಇದರಿಂದ ಊತ ತಗ್ಗಿತೆಂದು ಪ್ರಕಟಿಸಿತು.

ಇನ್ನು ಖರ್ಚಿನ ಪುಟ. ಇಲಿಗಳ ಮೇಲಿನ ಸಂಶೋಧನೆಗೆ ಅಮೆರಿಕದ ಸರಕಾರದ ಹಣ ಸಿಕ್ಕಿತು. ಮನುಷ್ಯರ ಮೇಲಿನ ಪರೀಕ್ಷೆಯ ವೆಚ್ಚ ಬೇರೆಯೇ ಜಾತಿಯದು. ಹಳೆಯ ಅಗ್ಗದ ಮಾತ್ರೆಯ ಪೇಟೆಂಟು ಮುಗಿದಿರುವುದರಿಂದ ಹಾಕಿದ ಬಂಡವಾಳ ಮರಳುವ ಭರವಸೆಯಿಲ್ಲ. ಹೊಸ ರೂಪಕ್ಕೂ ಹೊಸ ಬಳಕೆಗೂ ಪೇಟೆಂಟು ಪಡೆದರಷ್ಟೇ ಸಾಹುಕಾರರು ತಿರುಗಿ ನೋಡುತ್ತಾರೆ. ರೆಮಿಡಿ ಎಂಬ ಸಣ್ಣ ಕಂಪನಿ ಇದನ್ನು ರಕ್ತನಾಳಕ್ಕೆ ಏರಿಸುವ ಮದ್ದಾಗಿ ಮಾಡಿತು. 86 ರೋಗಿಗಳ ಪರೀಕ್ಷೆಯ ಫಲ 2016ರಲ್ಲಿ ಬಂತು. ಮುಖ್ಯ ಗುರಿ ಈಡೇರಲಿಲ್ಲ. ಆದರೂ ಮೆದುಳು ಪಕ್ಕಕ್ಕೆ ಸರಿಯುವುದು ಕಡಿಮೆಯಾಗಿತ್ತು. ಅಷ್ಟು ಆಸೆಯ ಮೇಲೆ ಬಯೋಜೆನ್ ಎಂಬ ದೊಡ್ಡ ಕಂಪನಿ 2017ರಲ್ಲಿ 12 ಕೋಟಿ ಡಾಲರು ಮುಂಗಡ ಕೊಟ್ಟು ಮದ್ದನ್ನು ಕೊಂಡು, 2018ರಲ್ಲಿ ಹಲವು ದೇಶಗಳಲ್ಲಿ ದೊಡ್ಡ ಪರೀಕ್ಷೆ ಹೂಡಿತು. ನಡುವೆ ಕೋವಿಡ್ ಬಂದು ರೋಗಿಗಳ ಸೇರ್ಪಡೆ ನಿಧಾನವಾಯಿತು. 535 ಮಂದಿ ಸೇರಿದ ಮೇಲೆ, ಗೊತ್ತುಮಾಡಿದ ಸಂಖ್ಯೆ ತುಂಬುವ ಮೊದಲೇ, 2023ರಲ್ಲಿ ಕಂಪನಿಯೇ ಅದನ್ನು ನಿಲ್ಲಿಸಿತು. ಮದ್ದು ಅಪಾಯಕರವೆಂದಲ್ಲ, ತನ್ನ ವ್ಯವಹಾರದ ಕಾರಣಕ್ಕೆ. 2024ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ರೋಗಿಗಳ ಚೇತರಿಕೆಗೆ ಲಾಭ ಕಾಣಲಿಲ್ಲ.

ಪೂರ್ತಿ ಸಂಖ್ಯೆ ತುಂಬಿದ್ದರೂ ಉತ್ತರ ಇದೇ ಆಗುತ್ತಿತ್ತೋ ಏನೋ. ಆದರೆ ಅರ್ಧ ಬರೆದು ಮುಚ್ಚಿದ ಖಾತೆಯಿಂದ ಲಾಭವನ್ನೂ ನಷ್ಟವನ್ನೂ ಗಟ್ಟಿಯಾಗಿ ಹೇಳಲಾಗದೆಂದು ಯಾವ ಗುಮಾಸ್ತನೂ ಬಲ್ಲ. ಇಂಥ ಹಳೆಯ ಮದ್ದುಗಳ ಪರೀಕ್ಷೆಯನ್ನು ಕೊನೆಮುಟ್ಟಿಸುವ ಹೊಣೆ ಸಾರ್ವಜನಿಕ ಹಣದ್ದೇ ಆಗಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಇದನ್ನು ಓದಿ ಲಕ್ವಾ ಹೊಡೆದವರ ಬಾಯಿಗೆ ಮನೆಯಲ್ಲಿರುವ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾರೂ ಹಾಕಕೂಡದು. ರಕ್ತದ ಸಕ್ಕರೆ ಇಳಿದು ಜೀವಕ್ಕೇ ಕುತ್ತಾದೀತು. ನುಂಗಲಾರದವರಿಗೆ ಮಾತ್ರೆ ಶ್ವಾಸನಾಳಕ್ಕೂ ಹೋದೀತು. ಗಳಿಗೆಯನ್ನೂ ಕಳೆಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಮೊದಲೆರಡು ದಿನ ಚೆನ್ನಾಗಿ ಮಾತಾಡಿದರೆಂದು ಮನೆಗೆ ಕರೆತರುವ ಅವಸರ ಬೇಡ.