ಮೊಲವನ್ನು ಕೊಳ್ಳುವ ಮುನ್ನ

ಪ್ರಾಣಿಗಳ ಅಂಗಡಿಯಲ್ಲಿ ಬಿಳಿಯ ಮೊಲದ ಮರಿಯನ್ನು ಕಂಡವರಿಗೆ ಅದನ್ನು ಮನೆಗೆ ಕೊಂಡೊಯ್ಯಬೇಕೆಂಬ ಆಸೆ ಹುಟ್ಟುವುದು ಸಹಜ. ಅದು ಬೊಗಳುವುದಿಲ್ಲ, ಹುಲ್ಲು ತಿಂದು ಬದುಕುತ್ತದೆ, ನೋಡಲು ಬಲು ಸಾಧು. ಆದರೆ ನಮ್ಮ ಮನೆ ಮೊಲಕ್ಕೆ ಒಪ್ಪುವುದೇ ಎಂಬುದನ್ನು ಅದರ ಶರೀರಧರ್ಮವನ್ನು ತಿಳಿದು ನಿರ್ಧರಿಸಬೇಕು. ಆ ಬಗೆಗೆ ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಎರಡು ಬಗೆಯ ಮೊಲ

ಕನ್ನಡದಲ್ಲಿ ಮೊಲವೆಂಬ ಒಂದೇ ಹೆಸರಿನಿಂದ ಎರಡು ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ. ನಮ್ಮ ಹೊಲಗಳಲ್ಲಿಯೂ ಕುರುಚಲು ಕಾಡುಗಳಲ್ಲಿಯೂ ಇರುವ ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿಗಳು ಮೈತುಂಬ ಕೂದಲಿದ್ದು, ಕಣ್ಣು ತೆರೆದೇ ಹುಟ್ಟುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವ ಈ ಪ್ರಾಣಿಯನ್ನು ಹಿಡಿದು ಸಾಕುವುದು ಅಪರಾಧ. ಅಂಗಡಿಯಲ್ಲಿ ದೊರೆಯುವುದು ಸಾಕುಮೊಲ. ಇದರ ಪೂರ್ವಜರ ಮೂಲ ನೆಲೆ ಇಂದಿನ ಸ್ಪೇನ್, ಪೋರ್ಚುಗಲ್ ದೇಶಗಳ ಪ್ರದೇಶ. ಅಲ್ಲಿ ಅವು ನೆಲದಲ್ಲಿ ಬಿಲಗಳನ್ನು ತೋಡಿ, ಗುಂಪುಗೂಡಿ ಬಾಳುತ್ತಿದ್ದುವು. ಹಗಲಿನ ಬಿಸಿಲನ್ನು ಬಿಲದ ತಂಪಿನಲ್ಲಿ ಕಳೆದು, ಮುಂಜಾವದಲ್ಲಿಯೂ ಮುಸ್ಸಂಜೆಯಲ್ಲಿಯೂ ಮೇಯಲು ಹೊರಬರುವ ಜೀವನಕ್ಕೆ ಸಾಕುಮೊಲದ ಶರೀರ ಹೊಂದಿಕೊಂಡಿದೆ.

ಶಾಖದ ಲೆಕ್ಕ

ಮೊಲದ ಶರೀರದ ಉಷ್ಣತೆ ಸುಮಾರು 39° ಸೆ. ಶರೀರದಲ್ಲಿ ಎಡೆಬಿಡದೆ ಶಾಖ ಉತ್ಪತ್ತಿಯಾಗುತ್ತಿರುತ್ತದೆ. ಅಷ್ಟೇ ಶಾಖ ಹೊರಕ್ಕೆ ಹೋಗುತ್ತಿದ್ದರೆ ಮಾತ್ರ ಉಷ್ಣತೆ ಏರದೆ ನಿಲ್ಲುತ್ತದೆ. ನಾವಾದರೆ ಬೆವರುತ್ತೇವೆ, ಬೆವರು ಆವಿಯಾಗುವಾಗ ಚರ್ಮದಿಂದ ಶಾಖವನ್ನು ಹೀರುತ್ತದೆ. ಮೊಲವು ಬೆವರಿ ಮೈ ತಂಪುಮಾಡಿಕೊಳ್ಳಲಾರದು. ವೇಗವಾಗಿ ಉಸಿರಾಡುವುದರಿಂದ ಸ್ವಲ್ಪ ಶಾಖ ಹೋಗುತ್ತದೆ. ಅದರ ಮುಖ್ಯ ಸಾಧನವೆಂದರೆ ಆ ದೊಡ್ಡ ಕಿವಿಗಳು. ಸೆಕೆಯಾದಾಗ ಕಿವಿಯ ರಕ್ತನಾಳಗಳು ಹಿಗ್ಗಿ, ಮೋಟಾರು ಕಾರಿನ ರೇಡಿಯೇಟರಿನಂತೆ, ರಕ್ತದ ಶಾಖವನ್ನು ಗಾಳಿಗೆ ಸಾಗಿಸುತ್ತವೆ.

ಹೀಗೆ ಸಾಗುವ ಶಾಖದ ಪ್ರಮಾಣವು, ಸ್ಥೂಲವಾಗಿ ಹೇಳುವುದಾದರೆ, ಶರೀರದ ಮತ್ತು ಗಾಳಿಯ ಉಷ್ಣತೆಗಳ ವ್ಯತ್ಯಾಸವನ್ನು ಅವಲಂಬಿಸಿದೆ. ಗಾಳಿ 20° ಇದ್ದಾಗ ವ್ಯತ್ಯಾಸ 19°. ಗಾಳಿ 35° ಆದಾಗ ವ್ಯತ್ಯಾಸ ಕೇವಲ 4°. ಅಂದರೆ ರೇಡಿಯೇಟರಿನ ಶಕ್ತಿ ಸುಮಾರು ಐದನೆಯ ಒಂದು ಪಾಲಿಗೆ ಇಳಿಯಿತು. ಗಾಳಿ 39°ಯನ್ನು ದಾಟಿದರೆ ಶಾಖವು ಗಾಳಿಯಿಂದ ಮೊಲದ ಕಡೆಗೇ ಹರಿಯುತ್ತದೆ. ಮೊಲಕ್ಕೆ ಹಿತವಾದುದು 15ರಿಂದ 20° ಆಸುಪಾಸಿನ ಹವೆ. 30° ದಾಟಿದರೆ ಅಪಾಯ ಆರಂಭವಾಗುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ಉಷ್ಣತೆ 40° ದಾಟುವುದುಂಟು. ಬೆಂಗಳೂರಿನಲ್ಲಿಯೂ ಏಪ್ರಿಲ್ ತಿಂಗಳ ಮಧ್ಯಾಹ್ನಗಳು 30°ಗಿಂತ ಬಿಸಿಯಾಗಿರುತ್ತವೆ. ತಗಡಿನ ಮಾಡಿನ ಕೆಳಗಂತೂ ಇನ್ನೂ ಹೆಚ್ಚು.

ಫ್ಯಾನು ಹಾಕಿದರೆ ಸಾಲದೇ ಎಂದು ಕೇಳಬಹುದು. ಫ್ಯಾನು ಗಾಳಿಯನ್ನು ತಂಪುಮಾಡುವುದಿಲ್ಲ. ನಮ್ಮ ಬೆವರನ್ನು ಬೇಗ ಆರಿಸುವುದರಿಂದ ನಮಗೆ ತಂಪೆನಿಸುತ್ತದೆ. ಬೆವರದ ಮೊಲಕ್ಕೆ ಅದರಿಂದ ಆಗುವ ಉಪಕಾರ ಅಲ್ಪ. ಮಂಜುಗಡ್ಡೆಯಾಗಿಸಿದ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಹೆಚ್ಚು ಪ್ರಯೋಜನವುಂಟು.

ಹಲ್ಲು, ಹೊಟ್ಟೆ, ಎಲುಬು

ಮೊಲದ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತವೆ: ವಾರಕ್ಕೆ ಸುಮಾರು 2 ಮಿಲಿಮೀಟರ್, ವರ್ಷಕ್ಕೆ ಸುಮಾರು 10 ಸೆಂಟಿಮೀಟರ್. ದವಡೆಹಲ್ಲುಗಳೂ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ದಿನವಿಡೀ ಅಗಿದರೆ ಮಾತ್ರ ಇವು ಸರಿಯಾಗಿ ಸವೆಯುತ್ತವೆ. ಆದುದರಿಂದ ಹಸುರು ಹುಲ್ಲು, ಒಣಗಿಸಿದ ಹುಲ್ಲುಗಳೇ ಮುಖ್ಯ ಆಹಾರವಾಗಬೇಕು. ಸಕ್ಕರೆಯಂಶವುಳ್ಳ ಗಜ್ಜರಿ ಎಂದಾದರೊಮ್ಮೆ ಒಂದು ಚೂರು ಸಾಕು. ಮೊಲವು ತನ್ನದೇ ಮೃದುವಾದ ಹಿಕ್ಕೆಗಳನ್ನು ತಿನ್ನುವುದನ್ನು ಕಂಡು ಹೇಸಬೇಕಾಗಿಲ್ಲ. ಒಮ್ಮೆ ಜೀರ್ಣವಾಗದೆ ಉಳಿದ ಪೋಷಕಾಂಶಗಳನ್ನು ಅದು ಹೀಗೆ ಪಡೆಯುತ್ತದೆ. ಆದರೆ ಅರ್ಧ ದಿನ ಆಹಾರ ಮುಟ್ಟದಿದ್ದರೆ ಕರುಳಿನ ಚಲನೆ ನಿಲ್ಲುತ್ತಿರಬಹುದು. ಒಡನೆಯೇ ಪಶುವೈದ್ಯರಿಗೆ ತೋರಿಸಬೇಕು.

ಎತ್ತಿ ಮುದ್ದಾಡುವುದನ್ನು ಮೊಲ ಇಷ್ಟಪಡುವುದಿಲ್ಲ. ಬೇಟೆಗೆ ಸಿಕ್ಕುವ ಪ್ರಾಣಿಯಾದುದರಿಂದ, ನೆಲ ಬಿಟ್ಟೊಡನೆ ಹೆದರಿ ಒದೆಯುತ್ತದೆ. ಅದರ ಹಿಂಗಾಲುಗಳು ಬಲವಾದುವು, ಎಲುಬುಗಳು ಹಗುರ. ಸರಿಯಾಗಿ ಆಧಾರ ಕೊಡದಿದ್ದರೆ ತನ್ನ ಒದೆತದಿಂದಲೇ ಬೆನ್ನೆಲುಬು ಮುರಿಯಬಹುದು. ಚಿಕ್ಕ ಮಕ್ಕಳಿಗೆ ಆಡಲು ಕೊಡತಕ್ಕ ಪ್ರಾಣಿ ಇದಲ್ಲ.

ಸಂತಾನ ಮತ್ತು ಆಯುಷ್ಯ

ಒಂಟಿ ಮೊಲ ಬೇಸರಗೊಳ್ಳುತ್ತದೆ, ಜೋಡಿ ಬೇಕು. ಆದರೆ ಗಂಡುಹೆಣ್ಣು ಜೋಡಿಯಾದರೆ ಗರ್ಭಧಾರಣೆಯ ಅವಧಿ ಒಂದೇ ತಿಂಗಳು; ಮರಿ ಹಾಕಿದ ದಿನವೇ ಹೆಣ್ಣು ಪುನಃ ಗರ್ಭ ಧರಿಸಬಲ್ಲುದು. ಆದುದರಿಂದ ಶಸ್ತ್ರಚಿಕಿತ್ಸೆಯಿಂದ ಸಂತಾನಶಕ್ತಿಯನ್ನು ತೆಗೆಸುವುದು ಅಗತ್ಯ. ಮೊಲದ ಚಿಕಿತ್ಸೆ ಬಲ್ಲ ವೈದ್ಯರು ಸಮೀಪದಲ್ಲಿರುವರೇ ಎಂಬುದನ್ನು ಮೊದಲೇ ವಿಚಾರಿಸಿರಿ. ಬೇಡವಾದಾಗ ಬಯಲಿಗೆ ಬಿಡುವುದು ಸಲ್ಲದು. ನಾಯಿಗಳಿಗೆ ಅದು ಒಂದು ದಿನದ ಬೇಟೆ. ನಾಯಿಗಳಿಂದ ಉಳಿದರೂ ಕೇಡು ತಪ್ಪದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬಾತ ಆಸ್ಟ್ರೇಲಿಯದಲ್ಲಿ ಬಿಟ್ಟ ಕೆಲವೇ ಮೊಲಗಳ ಸಂತತಿ ಆ ಖಂಡದ ಹುಲ್ಲುಗಾವಲುಗಳನ್ನು ಹಾಳುಗೆಡವಿದುದನ್ನು ನಾವು ಬಲ್ಲೆವು.

ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 10 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬದುಕುತ್ತದೆ. ಹದಿನಾರರ ವಿದ್ಯಾರ್ಥಿ ಇಂದು ಮರಿಯನ್ನು ತಂದರೆ, ಅದು ಮುದಿಯಾಗುವಾಗ ಆತನಿಗೆ ಇಪ್ಪತ್ತೈದು. ನಡುವೆ ಆತ ಓದಿಗಾಗಿ ಹಾಸ್ಟೆಲು ಸೇರಿದರೆ ಹುಲ್ಲು ತರುವವರು ಯಾರು? ತಾಯಿಯೇ? ಹಾಗಿದ್ದರೆ ಆಕೆಯ ಒಪ್ಪಿಗೆಯನ್ನು ಇಂದೇ ಪಡೆಯಬೇಕು.

ಒಂದು ಪ್ರಯೋಗ

ನಿರ್ಧಾರಕ್ಕೆ ಮುನ್ನ ಒಂದು ಸುಲಭ ಪ್ರಯೋಗ ಮಾಡಿರಿ. ಮೊಲವನ್ನು ಇಡಬೇಕೆಂದಿರುವ ಸ್ಥಳದಲ್ಲಿ, ನೆಲಕ್ಕೆ ಸಮೀಪವಾಗಿ, ಬಿಸಿಲು ನೇರವಾಗಿ ತಾಗದಂತೆ ಒಂದು ಉಷ್ಣತಾಮಾಪಕವನ್ನು ಕಟ್ಟಿ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಪ್ರತಿದಿನವೂ ಮಧ್ಯಾಹ್ನ 3 ಗಂಟೆಗೆ ಅಂಕಿಯನ್ನು ಬರೆದಿಡಿರಿ. 30° ದಾಟಿದ ದಿನಗಳು ಬಹಳವಿದ್ದು, ಅದಕ್ಕಿಂತ ತಂಪಾದ ಕೋಣೆಯನ್ನು ಒದಗಿಸಲಾಗದಿದ್ದರೆ ಮೊಲವನ್ನು ಕೊಳ್ಳದಿರುವುದೇ ಸರಿ. ಅಂಕಿಗಳು ಅನುಕೂಲವಾಗಿದ್ದರೆ ಇನ್ನೊಂದು ಪರೀಕ್ಷೆಯುಂಟು. ಈ ಎರಡು ತಿಂಗಳು ಒಂದು ದಿನವೂ ತಪ್ಪದೆ ಅಂಕಿ ಬರೆಯಲು ನಿಮ್ಮಿಂದಾಯಿತೇ ಎಂಬುದನ್ನು ಪುಸ್ತಕ ತೆರೆದು ನೋಡಿಕೊಳ್ಳಿರಿ. ಮೊಲಕ್ಕೆ ಹುಲ್ಲು, ನೀರು ಒದಗಿಸುವುದೂ ಹಾಗೆಯೇ ಪ್ರತಿದಿನದ ಕೆಲಸ.