ಬೆಂಗಳೂರಿನಿಂದ ಈಸೂರಿಗೆ: ಹಾರಾಟ ಒಂದು ತಾಸು, ಪಯಣ ಎಷ್ಟು?

ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲೇ ತಾನು ಸ್ವತಂತ್ರವೆಂದು ಸಾರಿಕೊಂಡ ಊರು. ಆ ಹೋರಾಟಕ್ಕಾಗಿ ಊರಿನ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ, ಅಂದರೆ ಇಂದಿನ ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿ. ಮಕ್ಕಳನ್ನು ಒಮ್ಮೆಯಾದರೂ ಕರೆದೊಯ್ದು ತೋರಿಸಬೇಕಾದ ಊರಿದು. 2023ರ ಆಗಸ್ಟ್ 31ರಂದು ಬೆಂಗಳೂರು–ಶಿವಮೊಗ್ಗ ವಿಮಾನ ಸಂಚಾರ ಶುರುವಾದ ಮೇಲೆ ಹಲವರು ಕೇಳುವ ಪ್ರಶ್ನೆ: ವಿಮಾನದಲ್ಲಿ ಹೋದರೆ ಎಷ್ಟು ಸಮಯ ಉಳಿಯುತ್ತದೆ? ಉತ್ತರವನ್ನು ನೀವೇ ಲೆಕ್ಕ ಹಾಕಬಹುದು.

1. ನೇರ ದೂರ ಅಳೆಯಿರಿ
ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಆದರೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಿಂದ ಸೋಗಾನೆಯ ರಾಷ್ಟ್ರಕವಿ ಕುವೆಂಪು ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 240 ಕಿ.ಮೀ.ಗಿಂತ ತುಸು ಕಡಿಮೆ. ಮೊಬೈಲ್ ನಕ್ಷೆಯಲ್ಲಿ ದೂರ ಅಳೆಯುವ ಸೌಲಭ್ಯ ಬಳಸಿ ಇದನ್ನು ನೋಡಬಹುದು.

2. ವೇಗದಿಂದ ಭಾಗಿಸಿ, ಅರ್ಧ ತಾಸು ಕೂಡಿಸಿ
ಫ್ಯಾನಿನಂಥ ರೆಕ್ಕೆಗಳಿರುವ ಎಟಿಆರ್ ವಿಮಾನದ ವೇಗ ತಾಸಿಗೆ ಸುಮಾರು 500 ಕಿ.ಮೀ., ಜೆಟ್‌ನದು ಸುಮಾರು 800. 240 ಕಿ.ಮೀ.ಗೆ ಎಟಿಆರ್‌ನಲ್ಲಿ ಅರ್ಧ ತಾಸು ಸಾಕು. ರನ್‌ವೇ ತಲುಪುವುದು, ಮೇಲೇರುವುದು, ಇಳಿಯುವುದು ಸೇರಿದರೆ ಒಂದು ತಾಸು. ಟಿಕೆಟ್‌ನಲ್ಲಿ ಇದಕ್ಕಿಂತ ಹತ್ತು–ಹದಿನೈದು ನಿಮಿಷ ಹೆಚ್ಚು ಕಂಡರೆ ಅಚ್ಚರಿಯಿಲ್ಲ.

3. ಮನೆಯಿಂದ ಊರಿನವರೆಗೆ ಕೂಡಿಸಿ
ನಗರದ ನಡುಭಾಗದಿಂದ ವಿಮಾನ ನಿಲ್ದಾಣಕ್ಕೆ ಒಂದೂಕಾಲು ತಾಸು, ತಪಾಸಣೆಗಾಗಿ ಮೊದಲೇ ಹೋಗಿ ಕಾಯಲು ಎರಡು ತಾಸು, ಹಾರಾಟ ಒಂದೂಕಾಲು ತಾಸು, ಲಗೇಜು ಪಡೆಯಲು ಅರ್ಧ ತಾಸು. ಸೋಗಾನೆಯಿಂದ ಶಿವಮೊಗ್ಗ ದಾಟಿ ಶಿಕಾರಿಪುರದತ್ತ ಕಾರಿನಲ್ಲಿ ಸುಮಾರು ಒಂದೂವರೆ ತಾಸು. ಒಟ್ಟು ಆರೂವರೆ ತಾಸು.

4. ರೈಲಿನೊಂದಿಗೆ ಹೋಲಿಸಿ
ಜನಶತಾಬ್ದಿ ರೈಲು ಐದು ತಾಸಿನೊಳಗೆ ಶಿವಮೊಗ್ಗ ಮುಟ್ಟಿಸುತ್ತದೆ. ಮನೆಯಿಂದ ನಿಲ್ದಾಣಕ್ಕೆ ಹೋಗುವ, ಶಿವಮೊಗ್ಗದಿಂದ ಈಸೂರಿಗೆ ಬರುವ ಸಮಯ ಸೇರಿಸಿದರೆ ಏಳರಿಂದ ಏಳೂವರೆ ತಾಸು. ಉಳಿತಾಯ ಹೆಚ್ಚೆಂದರೆ ಒಂದು ತಾಸು! ಯಲಹಂಕ, ಹೆಬ್ಬಾಳದವರಿಗೆ ವಿಮಾನ ಅನುಕೂಲ. ಯಶವಂತಪುರ, ರಾಜಾಜಿನಗರದವರಿಗೆ, ಮಕ್ಕಳೊಂದಿಗೆ ಹೊರಟ ಕುಟುಂಬಕ್ಕೆ ರೈಲೇ ಲೇಸು.

5. ದೂರದ ಊರಿಗೆ ಬೇರೆ ಲೆಕ್ಕ
ಸೊರಬ, ಶಿಕಾರಿಪುರದವರು ಹೈದರಾಬಾದಿಗೆ ಹೋಗಬೇಕಾದರೆ ವಿಮಾನದ ನಿಜವಾದ ಲಾಭ ಕಾಣುತ್ತದೆ. ಸೋಗಾನೆಯಿಂದ ನೇರ ದೂರ ಸುಮಾರು 480 ಕಿ.ಮೀ. ಜೆಟ್‌ನಲ್ಲಿ 36 ನಿಮಿಷ, ಅದಕ್ಕೆ ಅರ್ಧ ತಾಸು ಕೂಡಿಸಿದರೆ ಒಂದು ತಾಸು ಚಿಲ್ಲರೆ. ಅದೇ ಬಸ್ಸಿನಲ್ಲಾದರೆ ಒಂದು ಇಡೀ ರಾತ್ರಿ ಬೇಕು.

6. ಕಾಯ್ದಿರಿಸುವ ಮುನ್ನ
ಸಣ್ಣ ನಿಲ್ದಾಣಗಳ ವೇಳಾಪಟ್ಟಿ ಬದಲಾಗುತ್ತಿರುತ್ತದೆ. ನೀವು ಹೊರಡುವ ದಿನವೂ ಮರಳುವ ದಿನವೂ ವಿಮಾನ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಲೆನಾಡಿನ ಮಳೆ, ಮುಂಜಾನೆಯ ಮಂಜಿನಲ್ಲಿ ವಿಮಾನ ತಡವಾಗಬಹುದು; ಅದೇ ದಿನ ಬೇರೆ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ. ಇಳಿದ ಮೇಲಿನ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿ. ಬಸ್ಸಿನಲ್ಲಿ ಹೋಗುವವರು ಶಿವಮೊಗ್ಗದಿಂದ ಶಿಕಾರಿಪುರಕ್ಕೆ, ಅಲ್ಲಿಂದ ಈಸೂರಿಗೆ ಹೋಗಬಹುದು. ಯಾವುದರಲ್ಲಿ ಹೊರಟರೂ ಹಗಲಿರುವಾಗಲೇ ಊರು ಸೇರುವಂತೆ ಹೊಂದಿಸಿಕೊಳ್ಳಿ. ಹುತಾತ್ಮರ ಸ್ಮಾರಕವನ್ನೂ ವೀರಭದ್ರೇಶ್ವರ ದೇವಸ್ಥಾನವನ್ನೂ ನಿಧಾನವಾಗಿ ನೋಡಿ, ಊರಿನ ಹಿರಿಯರೊಂದಿಗೆ ಮಾತನಾಡಲು ಒಂದೆರಡು ತಾಸು ಬಿಡುವಿರಲಿ.